ನಿಧಿ ಹುಡುಕಿದವರು, ನಕ್ಷೆ ಮಾರಿದವರು

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಲಿಟಲ್ ಎಲ್ಮ್ ಎಂಬ ಊರಿದೆ. 1955ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನಿಂದ ಹಿಗ್ಗಿದ ಲೂಯಿಸ್‌ವಿಲ್ ಸರೋವರದ ದಂಡೆಯ ಊರು. 2000ದ ಜನಗಣತಿಯಲ್ಲಿ ಅಲ್ಲಿದ್ದವರು 3,646 ಮಂದಿ. 2010ಕ್ಕೆ 25,898, 2020ಕ್ಕೆ 46,453. ಇಪ್ಪತ್ತು ವರ್ಷದಲ್ಲಿ ಒಂದು ಹಳ್ಳಿ ಹನ್ನೆರಡು ಪಟ್ಟು ಬೆಳೆದ ಕಥೆ ನಮಗೆ ಹೊಸದಲ್ಲ. ಮರಳುಗಾಡಿನಲ್ಲಿ ಇದಕ್ಕಿಂತ ಬೇಗ ಎದ್ದ ಊರುಗಳನ್ನು ನಾವೇ ಕಟ್ಟಿದ್ದೇವೆ. ಹೀಗೆ ಬೆಳೆದ ಊರುಗಳಿಗೆ ಹೋಗಿ ನೆಲೆಸಿದವರಲ್ಲಿ ಕನ್ನಡಿಗರೂ ಇದ್ದಾರೆ. ಕೆಲವರು ನೇರ ಬೆಂಗಳೂರಿನಿಂದ ಹೋದವರು. ಇನ್ನು ಕೆಲವರು ನಮ್ಮ ಜೊತೆ ಹತ್ತು ವರ್ಷ ಕೊಲ್ಲಿಯಲ್ಲಿ ದುಡಿದು, ಆಮೇಲೆ ಹ್ಯೂಸ್ಟನ್ನಿನ ಎಣ್ಣೆ ಕಂಪೆನಿಗೋ ಡಲ್ಲಾಸಿನ ಸಾಫ್ಟ್‌ವೇರ್ ಕೆಲಸಕ್ಕೋ ಹಾರಿದವರು.

ಅವರ ಪಿಕ್ನಿಕ್ಕಿನಲ್ಲೂ ನಮ್ಮ ಪಿಕ್ನಿಕ್ಕಿನಲ್ಲೂ ತಪ್ಪದೆ ಇರುವ ಒಂದು ಆಟ ಟ್ರೆಷರ್ ಹಂಟ್. ಚೀಟಿ ಕೊಡುತ್ತಾರೆ, ಒಗಟು ಬಿಡಿಸಬೇಕು, ಮರದ ಬುಡದಲ್ಲಿ ಇನ್ನೊಂದು ಚೀಟಿ, ಕೊನೆಗೆ ಒಂದು ಮಿಕ್ಸಿಯೋ ಕುಕ್ಕರೋ ಬಹುಮಾನ. ಇದು ಎಲ್ಲಿಂದ ಬಂತು ಎಂದು ನಾವು ಯೋಚಿಸಿದ್ದು ಕಡಿಮೆ. ಟಿ.ವಿ.ಯಿಂದ ಬಂತು ಎಂದು ಬಿಟ್ಟುಬಿಡುತ್ತೇವೆ. ಟಿ.ವಿ.ಗೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ದಾರಿ ಮತ್ತೆ ಮತ್ತೆ ಟೆಕ್ಸಾಸಿನ ಮೂಲಕವೇ ಹಾಯುತ್ತದೆ.

ಮೊದಲು ಟಿ.ವಿ. ಆಟವನ್ನೇ ನೋಡೋಣ. 2006ರ ಜೂನ್ 18ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 'ಟ್ರೆಷರ್ ಹಂಟರ್ಸ್' ಎಂಬ ರಿಯಾಲಿಟಿ ಸ್ಪರ್ಧೆ ಶುರುವಾಯಿತು. ಹತ್ತು ತಂಡ, ತಂಡಕ್ಕೆ ಮೂವರು. ಒಂದು ತಂಡದಲ್ಲಿ ಗುಪ್ತಚರ ಸಂಸ್ಥೆ ಸಿಐಎಯ ಮಾಜಿ ನೌಕರರು, ಇನ್ನೊಂದರಲ್ಲಿ ವಾಯುಪಡೆಯವರು, ಮತ್ತೊಂದರಲ್ಲಿ ಸೌಂದರ್ಯ ಸ್ಪರ್ಧೆ ಗೆದ್ದವರು. ಉಳಿದ ಕೆಲವು ತಂಡಗಳಲ್ಲಿ ಒಂದೇ ಕುಟುಂಬದವರು. ಬೆಟ್ಟ, ಸ್ಮಾರಕ, ಹಳೆಯ ಕಟ್ಟಡಗಳ ನಡುವೆ ಸುಳಿವು ಹುಡುಕುತ್ತಾ ಓಡಬೇಕು. ಹಿಂದೆ ಬಿದ್ದ ತಂಡ ಮನೆಗೆ. ಕೊನೆಗೆ ಗೆದ್ದದ್ದು ತಮ್ಮನ್ನು 'ಜೀನಿಯಸಸ್' ಎಂದು ಕರೆದುಕೊಂಡ ತಂಡ. ಡಾ ವಿಂಚಿ ಕೋಡ್ ಕಾದಂಬರಿಯ ಅಬ್ಬರ ಆಗ ಇನ್ನೂ ಇಳಿದಿರಲಿಲ್ಲ. ಅದರ ಸಿನಿಮಾ ಅದೇ ವರ್ಷ ಮೇ ತಿಂಗಳಲ್ಲಿ ತೆರೆಗೆ ಬಂದಿತ್ತು. ಆ ಸಿನಿಮಾ ಮಾಡಿದ ರಾನ್ ಹೋವರ್ಡ್ ಮತ್ತು ಬ್ರಯಾನ್ ಗ್ರೇಜರ್ ಅವರ ಸಂಸ್ಥೆಯೇ ಈ ಸ್ಪರ್ಧೆಯ ಹಿಂದೆಯೂ ಇತ್ತು. ಬಿಸಿ ಇರುವಾಗಲೇ ಕಬ್ಬಿಣ ಬಡಿದರು.

ಆಟದ ವಿನ್ಯಾಸವನ್ನು ಸ್ವಲ್ಪ ಗಮನಿಸಬೇಕು. ತಂಡಗಳಿಗೆ ಸುಳಿವು ಬರುತ್ತಿದ್ದದ್ದು ಪ್ರಾಯೋಜಕ ಕಂಪೆನಿ ಮೊಟೊರೊಲಾದ ಮೊಬೈಲಿಗೆ. ಉತ್ತರ ಹುಡುಕಬೇಕಾದದ್ದು ಇನ್ನೊಂದು ಪ್ರಾಯೋಜಕ ಕಂಪೆನಿಯಾದ ಆಸ್ಕ್ ಡಾಟ್ ಕಾಮ್ ಎಂಬ ಹುಡುಕುತಾಣದಲ್ಲಿ. ಮನೆಯಲ್ಲಿ ಕೂತವರಿಗೂ ಪ್ರತ್ಯೇಕ ಒಗಟು ಇತ್ತು. ಅಂದರೆ ಜಾಹೀರಾತು ಆಟದ ನಡುವೆ ಬರುತ್ತಿರಲಿಲ್ಲ, ಆಟದ ಒಳಗೇ ಕೂತಿತ್ತು. ತಂಡಗಳು ಓಡಿದಷ್ಟೂ ಮೊಬೈಲು ಕಾಣುತ್ತಿತ್ತು. ಸ್ಪರ್ಧೆ ಒಂದೇ ಸೀಸನ್ನಿಗೆ ನಿಂತುಹೋಯಿತು. ಆದರೆ ನಿಧಿಬೇಟೆಯಲ್ಲಿ ಅಗೆಯುವವನಿಗಿಂತ ನಕ್ಷೆ ಕೈಗಿಡುವವನ ಜೇಬು ಮೊದಲು ತುಂಬುತ್ತದೆ ಎಂಬುದನ್ನು ಇಷ್ಟು ಬಿಚ್ಚಿ ತೋರಿಸಿದ ಕಾರ್ಯಕ್ರಮ ಇನ್ನೊಂದಿಲ್ಲ ಎಂದು ನಮಗನಿಸುತ್ತದೆ.

ಈ ಮಾತು ಟೆಕ್ಸಾಸಿನಲ್ಲಿ ಟಿ.ವಿ.ಗಿಂತ ಬಹಳ ಹಳೆಯದು. 1541ರಲ್ಲಿ ಕೊರೊನಾಡೊ ಎಂಬ ಸ್ಪೇನಿನ ದಂಡನಾಯಕ ಚಿನ್ನದ ನಗರಗಳನ್ನು ಹುಡುಕುತ್ತಾ ಉತ್ತರ ಟೆಕ್ಸಾಸಿನ ಬಯಲುಗಳನ್ನು ದಾಟಿ ಹೋದ. ಸಿಕ್ಕಿದ್ದು ಹುಲ್ಲಿನ ಮನೆಗಳ ಹಳ್ಳಿಗಳು. ಎರಡು ಶತಮಾನ ಕಳೆದ ಮೇಲೆ, 1756ರಲ್ಲಿ, ಬೆರ್ನಾರ್ಡೊ ದೆ ಮಿರಾಂಡಾ ಎಂಬ ಇನ್ನೊಬ್ಬ ಅಧಿಕಾರಿ ಇಂದಿನ ಆಸ್ಟಿನ್ ನಗರದ ವಾಯವ್ಯಕ್ಕಿರುವ ಲಾನೊ ಪ್ರದೇಶದಲ್ಲಿ ಕೆಂಪು ಮಣ್ಣಿನ ಗುಡ್ಡ ಕಂಡ. ಬೆಳ್ಳಿ ಎಷ್ಟಿದೆಯೆಂದರೆ ಟೆಕ್ಸಾಸ್ ಪ್ರಾಂತ್ಯದ ಪ್ರತಿಯೊಬ್ಬನಿಗೂ ಒಂದೊಂದು ಗಣಿ ಕೊಡಬಲ್ಲೆ ಎಂದು ವರದಿ ಬರೆದ. ಮಾದರಿಗೆ ಅವನು ಕಳಿಸಿದ ಅದಿರು ಮೂರು ಪೌಂಡ್. ಇಷ್ಟರಿಂದ ಏನೂ ಹೇಳಲಾಗದು, ಕನಿಷ್ಠ 30 ಹೇಸರಗತ್ತೆಗಳ ಹೊರೆ ಅದಿರು ತಂದು ಪರೀಕ್ಷಿಸಬೇಕು ಎಂದು ಮೆಕ್ಸಿಕೊದ ತಜ್ಞ ಹೇಳಿದ. ತರುತ್ತೇನೆ, ಆದರೆ ಅಲ್ಲಿ ಕಟ್ಟುವ ಕೋಟೆಗೆ ನನ್ನನ್ನೇ ನಾಯಕನನ್ನಾಗಿ ಮಾಡಿ ಎಂದ ಮಿರಾಂಡಾ. ಆ ಕೋಟೆ ಆಗಲಿಲ್ಲ.

ಬೇರೆ ಕೋಟೆಯೊಂದು ಮಾತ್ರ 1757ರಲ್ಲಿ ಸಾನ್ ಸಾಬಾ ನದಿಯ ದಡದಲ್ಲಿ ಎದ್ದಿತು. ಪಕ್ಕದ ಕ್ರೈಸ್ತ ಮಿಷನ್ನು ಮರುವರ್ಷವೇ ಕಮಾಂಚಿಗಳು ಮತ್ತು ಅವರ ಮಿತ್ರ ಬುಡಕಟ್ಟುಗಳ ದಾಳಿಯಲ್ಲಿ ಸುಟ್ಟುಹೋಯಿತು. ಕೋಟೆ ಪಾಳುಬಿದ್ದ ಮೇಲೆ ಜನರ ಬಾಯಲ್ಲಿ ಗಣಿಯ ಕಥೆಯೂ ಕೋಟೆಯ ಕಥೆಯೂ ಸೇರಿ ಒಂದೇ ಆದವು. ಗಣಿ ಇದ್ದದ್ದು ಲಾನೊದಲ್ಲಿ, ಜನ ಅಗೆದದ್ದು ಅಲ್ಲಿಂದ ಬಲು ದೂರದ ಸಾನ್ ಸಾಬಾ ಕೋಟೆಯ ಸುತ್ತ. ಹಾಗೆ ಹುಡುಕಿ ಹೋದವರಲ್ಲಿ ಹೆಸರಾದವನು ಜಿಮ್ ಬೋವಿ. 1831ರ ನವೆಂಬರಿನಲ್ಲಿ ಕೆಲವೇ ಸಂಗಡಿಗರೊಂದಿಗೆ ಹೋಗಿ ದಾರಿಯಲ್ಲೇ ದಾಳಿಗೆ ಸಿಕ್ಕಿ ಹೋರಾಡಿ ಮರಳಿದ. ಐದು ವರ್ಷದಲ್ಲಿ, 1836ರ ಮಾರ್ಚ್ 6ರಂದು ಅಲಾಮೊ ಕೋಟೆಯ ಯುದ್ಧದಲ್ಲಿ ಸತ್ತ. ಗುಟ್ಟು ಬಲ್ಲವನು ಹೇಳದೆ ಸತ್ತ ಎಂದರೆ ಮುಗಿಯಿತು, ನಿಧಿಯ ಕಥೆಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇರೆ ಬೇಡ. ನಮ್ಮ ಕಡೆ ಕೊಪ್ಪರಿಗೆ ಹೊನ್ನನ್ನು ಸರ್ಪ ಕಾಯುತ್ತದೆ, ಅಲ್ಲಿ ಸತ್ತವರು ಕಾಯುತ್ತಾರೆ.

ಬೋವಿ ಸತ್ತ ಮೇಲೆ 'ಬೋವಿ ಗಣಿ'ಯ ನಕ್ಷೆಗಳು ಕೈಯಿಂದ ಕೈಗೆ ನಡೆದವು. ಹ್ಯೂಸ್ಟನ್ನಿನ ಬಳಿಯ ಗ್ಯಾಲ್ವೆಸ್ಟನ್ ದ್ವೀಪದಲ್ಲಿ 1817ರಿಂದ ಮೂರು ನಾಲ್ಕು ವರ್ಷ ಬೀಡುಬಿಟ್ಟಿದ್ದ ಕಡಲ್ಗಳ್ಳ ಜಾನ್ ಲಫೀಟ್ ಹೂತಿಟ್ಟನೆನ್ನುವ ಪೆಟ್ಟಿಗೆಗಳದ್ದೂ ಇದೇ ಪಾಡು. ಇತಿಹಾಸಕಾರ ಹರ್ಬರ್ಟ್ ಬೋಲ್ಟನ್ 1907ರಲ್ಲಿ ಹಳೆಯ ದಾಖಲೆ ಹಿಡಿದು ಮಿರಾಂಡಾನ ಗಣಿ ಇದ್ದ ಜಾಗವನ್ನೇ ಗುರುತಿಸಿದರು. ಅಲ್ಲಿ ಬೆಳ್ಳಿಯ ಬೆಟ್ಟವೇನೂ ಇರಲಿಲ್ಲ. ಅದರಿಂದ ಅಗೆಯುವವರೇನು ನಿಲ್ಲಲಿಲ್ಲ.

ಈ ಅಗೆಯುವವರ ಕಥೆಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡಿದವರು ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಜೆ. ಫ್ರಾಂಕ್ ಡೋಬಿ. 'ಕೊರೊನಾಡೋಸ್ ಚಿಲ್ಡ್ರನ್' ಎಂಬ ಅವರ ಪುಸ್ತಕ 1930ರಲ್ಲಿ ಡಲ್ಲಾಸಿನಲ್ಲಿ ಅಚ್ಚಾಯಿತು. ಅಮೆರಿಕದಲ್ಲಿ ಮಹಾ ಕುಸಿತದ ದಿನಗಳು, ಕೆಲಸ ಹೋದವರ ಸಾಲು ಬೆಳೆಯುತ್ತಿದ್ದ ಕಾಲ. ಮರುವರ್ಷ ದೇಶವ್ಯಾಪಿ ಪುಸ್ತಕ ಕೂಟವೊಂದು ಅದನ್ನು ಆರಿಸಿಕೊಂಡು ಸದಸ್ಯರಿಗೆ ಹಂಚಿತು. ನಮ್ಮ ಎಣಿಕೆಯಲ್ಲಿ ಟೆಕ್ಸಾಸಿನ ನಿಧಿಕಥೆಗಳಿಂದ ಪ್ರಾಮಾಣಿಕವಾಗಿ ದುಡಿದು ಬದುಕಿದವರಲ್ಲಿ ಡೋಬಿ ಮುಖ್ಯರು. ಅವರು ನಕ್ಷೆ ಮಾರಲಿಲ್ಲ, ನಕ್ಷೆ ನಂಬಿದವರ ಕಥೆ ಹೇಳಿದರು.

ಇಷ್ಟರವರೆಗೆ ನಿಧಿ ಎಂದರೆ ಹಿಂದಿನವರು ಹೂತದ್ದು, ಅಥವಾ ಹೂತದ್ದೆಂದು ಜನ ನಂಬಿದ್ದು. ಅದು ಮನರಂಜನೆಯ ಸರಕಾದದ್ದು ಟಿ.ವಿ. ಬಂದ ಮೇಲೆ. ಅಮೆರಿಕದಲ್ಲಿ 1956ರಲ್ಲೇ 'ಟ್ರೆಷರ್ ಹಂಟ್' ಎಂಬ ಹೆಸರಿನ ಬಹುಮಾನದ ಕಾರ್ಯಕ್ರಮ ಇತ್ತು. ಅದೇ ದಶಕದ ಕೊನೆಗೆ ಹಲವು ಕ್ವಿಜ್ ಕಾರ್ಯಕ್ರಮಗಳಲ್ಲಿ ಗೆಲ್ಲಬೇಕಾದವರಿಗೆ ಮೊದಲೇ ಉತ್ತರ ಹೇಳಿಕೊಡುತ್ತಿದ್ದದ್ದು ಬಯಲಾಗಿ ದೊಡ್ಡ ಹಗರಣವಾಯಿತು. 1960ರಲ್ಲಿ ಅಂಥ ಮೋಸವನ್ನು ಅಪರಾಧವೆಂದು ಸಾರುವ ಕಾನೂನು ಬಂತು. 2006ರ ತಂಡಗಳು ಓಡಿದ್ದೂ ಆ ಕಾನೂನಿನ ನೆರಳಲ್ಲೇ.

ಟಿ.ವಿ.ಯವರು ನಿಧಿಯನ್ನು ಸ್ಟುಡಿಯೊದಿಂದ ಹೊರಗೆ ತಂದದ್ದು ಯುರೋಪಿನಲ್ಲಿ. 1981ರಲ್ಲಿ ಫ್ರಾನ್ಸಿನಲ್ಲಿ, 1982ರ ಕೊನೆಗೆ ಇಂಗ್ಲೆಂಡಿನ ಚಾನೆಲ್ 4ರಲ್ಲಿ, ಸ್ಪರ್ಧಿಗಳು ಸ್ಟುಡಿಯೊದಲ್ಲಿ ಕೂತು ನಕ್ಷೆ ನೋಡಿ ರೇಡಿಯೊದಲ್ಲಿ ದಾರಿ ಹೇಳುವುದು, ನಿರೂಪಕಿಯೋ ನಿರೂಪಕನೋ ಹೆಲಿಕಾಪ್ಟರಿನಲ್ಲಿ ಹಾರಿ ಹುಡುಕುವುದು. ಅದಕ್ಕೆ ಸ್ವಲ್ಪ ಮೊದಲು, 1979ರಲ್ಲಿ, ಕಿಟ್ ವಿಲಿಯಮ್ಸ್ ಎಂಬ ಇಂಗ್ಲಿಷ್ ಕಲಾವಿದ ಚಿನ್ನದ ಮೊಲವೊಂದನ್ನು ಮಾಡಿ ಹೂತು, ಜಾಗದ ಸುಳಿವನ್ನು 'ಮಾಸ್ಕ್ವೆರೇಡ್' ಎಂಬ ಚಿತ್ರಪುಸ್ತಕದಲ್ಲಿ ಅಡಗಿಸಿದ್ದ. ಪುಸ್ತಕ ಲಕ್ಷಗಟ್ಟಲೆ ಮಾರಿಹೋಯಿತು. 1982ರಲ್ಲಿ ಮೊಲ ಸಿಕ್ಕಿತು. ಆದರೆ ಸಿಕ್ಕವನು ಒಗಟು ಬಿಡಿಸಿ ಹೋದವನಲ್ಲ, ಕಲಾವಿದನ ಹಳೆಯ ಗೆಳತಿಯ ಮೂಲಕ ಜಾಗದ ಸುಳಿವು ತಿಳಿದವನು ಎಂದು ಆರು ವರ್ಷದ ಬಳಿಕ ಹೊರಬಿತ್ತು.

ಆ ಮಾದರಿಯನ್ನು ಅಮೆರಿಕಕ್ಕೆ ತಂದವರು ನ್ಯೂಯಾರ್ಕಿನ ಪ್ರಕಾಶಕ ಬೈರನ್ ಪ್ರೈಸ್. 1982ರಲ್ಲಿ 'ದಿ ಸೀಕ್ರೆಟ್' ಎಂಬ ಪುಸ್ತಕ ತಂದರು. ಹನ್ನೆರಡು ಚಿತ್ರ, ಹನ್ನೆರಡು ಪದ್ಯ, ಉತ್ತರ ಅಮೆರಿಕದ ಹನ್ನೆರಡು ಕಡೆ ಹೂತ ಹನ್ನೆರಡು ಕರಂಡಕ. ಒಳಗಿನ ಕೀಲಿ ತಂದವರಿಗೆ ಒಂದು ರತ್ನ. ಷಿಕಾಗೊದಲ್ಲಿ ಒಂದು 1983ರಲ್ಲಿ, ಕ್ಲೀವ್‌ಲ್ಯಾಂಡಿನಲ್ಲಿ ಇನ್ನೊಂದು 2004ರಲ್ಲಿ ಸಿಕ್ಕಿತು. 2005ರಲ್ಲಿ ಪ್ರೈಸ್ ಕಾರು ಅಪಘಾತದಲ್ಲಿ ತೀರಿಕೊಂಡರು. ಉಳಿದ ಜಾಗಗಳ ಗುಟ್ಟು ಅವರೊಂದಿಗೇ ಹೋಯಿತು. 2019ರಲ್ಲಿ ಬಾಸ್ಟನ್ನಿನ ಆಟದ ಮೈದಾನವೊಂದರ ದುರಸ್ತಿ ಕೆಲಸದ ಅಗೆತದಲ್ಲಿ ಮೂರನೆಯದು ಹೊರಬಂತು. ಅದನ್ನು ತೋರಿಸಿದ್ದು ಡಿಸ್ಕವರಿ ವಾಹಿನಿಯ 'ಎಕ್ಸ್‌ಪೆಡಿಷನ್ ಅನ್‌ನೋನ್' ಕಾರ್ಯಕ್ರಮ. ಟೆಕ್ಸಾಸಿನ ಕರಂಡಕ ಹ್ಯೂಸ್ಟನ್ನಿನಲ್ಲಿದೆ, ಅಲ್ಲಿಯ ಹರ್ಮನ್ ಪಾರ್ಕಿನಲ್ಲಿ ಇರಬೇಕು ಎಂಬುದು ಹುಡುಕುವವರ ಲೆಕ್ಕ. ಹಳೆಯ ರೈಲು ಎಂಜಿನ್ನು ನಿಂತಿದ್ದ ಜಾಗ, ಮೃಗಾಲಯದ ಆಸುಪಾಸು ಎಂದು ವಾದಿಸುತ್ತಾ ಇದ್ದಾರೆ. ಇಲ್ಲಿ ಒಗಟು ಬಲ್ಲವನಿಗಿಂತ ಮೊದಲು ಜೆಸಿಬಿ ಓಡಿಸುವವನಿಗೇ ಸಿಕ್ಕರೆ ನಮಗೇನೂ ಆಶ್ಚರ್ಯವಿಲ್ಲ.

ಇನ್ನು ಫೆನ್ ಕಥೆ. ಲಿಟಲ್ ಎಲ್ಮ್‌ನಿಂದ ಆಸ್ಟಿನ್ನಿಗೆ ಹೆದ್ದಾರಿ ಹಿಡಿದು ಹೋಗುವಾಗ ದಾರಿಯಲ್ಲಿ ಟೆಂಪಲ್ ಎಂಬ ಊರು ಸಿಗುತ್ತದೆ. ಫಾರೆಸ್ಟ್ ಫೆನ್ ಅಲ್ಲಿ 1930ರಲ್ಲಿ ಹುಟ್ಟಿದವರು. ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ರಜೆ ಬಂದರೆ ಮನೆಮಂದಿಯೆಲ್ಲ ದೂರದ ಯೆಲ್ಲೊಸ್ಟೋನ್ ಕಾಡಿಗೆ. ಫೆನ್ ವಾಯುಪಡೆ ಸೇರಿ ವಿಯೆಟ್ನಾಮಿನಲ್ಲಿ 328 ಬಾರಿ ಯುದ್ಧವಿಮಾನ ಹಾರಿಸಿದರು, ಎರಡು ಸಲ ಹೊಡೆತಕ್ಕೆ ಸಿಕ್ಕಿ ಬದುಕಿದರು. ಆಮೇಲೆ ಸಾಂಟಾ ಫೆ ಊರಿನಲ್ಲಿ ಕಲಾಕೃತಿಗಳ ವ್ಯಾಪಾರ. 1988ರಲ್ಲಿ ಕ್ಯಾನ್ಸರ್ ಎಂದರು ವೈದ್ಯರು. ಸಾಯುವ ಮುನ್ನ ಒಂದು ಪೆಟ್ಟಿಗೆ ತುಂಬ ಚಿನ್ನ ಹೊತ್ತುಕೊಂಡು ಕಾಡಿಗೆ ಹೋಗಿ ಅದರ ಪಕ್ಕದಲ್ಲೇ ಮಲಗುತ್ತೇನೆ ಎಂದು ಯೋಚಿಸಿದರಂತೆ. ಕಾಯಿಲೆ ವಾಸಿಯಾಯಿತು, ಪೆಟ್ಟಿಗೆಯ ಆಸೆ ಉಳಿಯಿತು. ಅದನ್ನು ರಾಕಿ ಪರ್ವತಗಳಲ್ಲಿ ಅಡಗಿಸಿ, 2010ರಲ್ಲಿ ತಮ್ಮ ಆತ್ಮಕಥೆಯೊಳಗೆ 24 ಸಾಲಿನ ಪದ್ಯವೊಂದನ್ನು ಬರೆದು, ಇದರಲ್ಲಿ ಒಂಬತ್ತು ಸುಳಿವಿದೆ ಎಂದರು. ಪುಸ್ತಕದ ಲಾಭ ತನಗೆ ಬೇಡವೆಂದು ಅಂಗಡಿಗೇ ಬಿಟ್ಟರು. ನಕ್ಷೆ ಮಾರಿದವರ ಸಾಲಿಗೆ ಇವರನ್ನು ಸುಮ್ಮನೆ ಸೇರಿಸಲಾಗದು.

ಆದರೆ ನಕ್ಷೆ ಒಮ್ಮೆ ಕೈಬಿಟ್ಟಿತೆಂದರೆ ಅದು ಯಾರದ್ದೂ ಅಲ್ಲ. 2013ರಿಂದ ಬೆಳಗ್ಗಿನ ಟಿ.ವಿ. ಕಾರ್ಯಕ್ರಮಗಳು ಫೆನ್ ಅವರನ್ನು ಕರೆಸಿ ಹೊಸ ಹೊಸ ಸುಳಿವು ಹೇಳಿಸಿದವು. ಹುಡುಕಲು ಹೋದವರು ಮೂರೂವರೆ ಲಕ್ಷ ಮಂದಿ ಇರಬಹುದು ಎಂದು ಫೆನ್ ಅವರೇ ಅಂದಾಜು ಹೇಳಿದ್ದರು. ಕೆಲಸ ಬಿಟ್ಟವರು, ಉಳಿತಾಯ ಕರಗಿಸಿದವರು ಇದ್ದರು. ನದಿಯಲ್ಲಿ, ಕಣಿವೆಯಲ್ಲಿ, ಹಿಮದಲ್ಲಿ ಐವರು ಸತ್ತರು. ಹುಡುಕಾಟ ನಿಲ್ಲಿಸಿ ಎಂದು ಪೊಲೀಸ್ ಅಧಿಕಾರಿಗಳು ಕೇಳಿಕೊಂಡರೂ ಫೆನ್ ನಿಲ್ಲಿಸಲಿಲ್ಲ. ಇದನ್ನು ನಾವು ಒಪ್ಪುವುದಿಲ್ಲ. ತಾನು ಲಾಭ ತೆಗೆದುಕೊಳ್ಳಲಿಲ್ಲ ಎಂಬುದು ಇಲ್ಲಿ ಉತ್ತರವಾಗದು.

2020ರ ಜೂನಿನಲ್ಲಿ ಒಬ್ಬ ವೈದ್ಯಕೀಯ ವಿದ್ಯಾರ್ಥಿಗೆ ವಯೋಮಿಂಗ್ ರಾಜ್ಯದಲ್ಲಿ ಪೆಟ್ಟಿಗೆ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಫೆನ್ ತೀರಿಕೊಂಡರು. ಪೆಟ್ಟಿಗೆಯೊಳಗಿನ ಸರಕು ಬೇರೆಯವರ ಕೈಗೆ ಮಾರಾಟವಾಗಿ, 2022ರ ಡಿಸೆಂಬರಿನಲ್ಲಿ ಕೊನೆಗೂ ಟೆಕ್ಸಾಸಿಗೇ ಮರಳಿತು: ಡಲ್ಲಾಸಿನ ಹೆರಿಟೇಜ್ ಆಕ್ಷನ್ಸ್ ಎಂಬ ಹರಾಜು ಸಂಸ್ಥೆ 476 ವಸ್ತುಗಳನ್ನು ಒಂದೊಂದಾಗಿ ಹರಾಜು ಹಾಕಿತು. ಒಟ್ಟು ಬಂದದ್ದು ಸುಮಾರು 13 ಲಕ್ಷ ಡಾಲರ್. ಅರ್ಧ ಕಿಲೋ ಮೀರಿದ ಅಲಾಸ್ಕಾದ ಚಿನ್ನದ ಗಟ್ಟಿಗೆ 55,200 ಡಾಲರ್. ಮೇಣದಿಂದ ಮುಚ್ಚಿದ ಗಾಜಿನ ಭರಣಿಯೊಂದಿತ್ತು, ಒಳಗೆ ಫೆನ್ ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿಸಿಟ್ಟ ತಮ್ಮ ಬದುಕಿನ ಕಥೆ. ಅದಕ್ಕೆ 48,000. ಚಿನ್ನದ ಗಟ್ಟಿಗೂ ಕಾಗದದ ಸುರುಳಿಗೂ ಬೆಲೆಯಲ್ಲಿ ಅಷ್ಟೇ ವ್ಯತ್ಯಾಸ.

ಇದನ್ನೆಲ್ಲ ಓದುವಾಗ ಕೊಲ್ಲಿಯಲ್ಲಿರುವ ನಮಗೆ ನೆನಪಾಗುವುದು ರಾಫೆಲ್ ಟಿಕೆಟ್. ನಮ್ಮಲ್ಲೂ ತಂಡಗಳಿವೆ. ಒಂದೇ ರೂಮಿನ ಹತ್ತು ಮಂದಿ ತಲಾ ನೂರು ದಿರ್ಹಮ್ ಹಾಕಿ ಒಂದು ಟಿಕೆಟ್ ಕೊಂಡು, ಯಾರ ಹೆಸರಲ್ಲಿ ಎಂದು ಚರ್ಚೆ ಮಾಡಿ, ಒಬ್ಬನ ಹೆಸರು ಬರೆಸುವುದು. ದುಬೈ ಡ್ಯೂಟಿ ಫ್ರೀಯ ಮಿಲೇನಿಯಂ ಮಿಲಿಯನೇರ್ 1999ರಲ್ಲಿ ಶುರುವಾದದ್ದು. ಒಂದು ಸರಣಿಗೆ 5,000 ಟಿಕೆಟ್, ಟಿಕೆಟಿಗೆ 1,000 ದಿರ್ಹಮ್, ಬಹುಮಾನ 10 ಲಕ್ಷ ಡಾಲರ್. ಲೆಕ್ಕ ಹಾಕಿ: ಎಲ್ಲ ಟಿಕೆಟ್ ಮಾರಿದರೆ 50 ಲಕ್ಷ ದಿರ್ಹಮ್. ಬಹುಮಾನ ಸುಮಾರು 36 ಲಕ್ಷ 70 ಸಾವಿರ ದಿರ್ಹಮ್. ಉಳಿದದ್ದು ಟಿಕೆಟ್ ಮಾರಿದವರಿಗೆ. ಇದರಲ್ಲಿ ಗುಟ್ಟೇನೂ ಇಲ್ಲ, ಎಷ್ಟು ಟಿಕೆಟ್, ಎಷ್ಟು ಬಹುಮಾನ ಎಂದು ಮುಂಚಿತವಾಗಿಯೇ ಹೇಳಿರುತ್ತಾರೆ. ಐದು ಸಾವಿರದಲ್ಲಿ ಒಂದು ಅವಕಾಶ ಎಂಬುದು ಫೆನ್ ಪೆಟ್ಟಿಗೆಯ ಮೂರೂವರೆ ಲಕ್ಷದಲ್ಲಿ ಒಂದಕ್ಕಿಂತ ಎಷ್ಟೋ ಮೇಲು, ಮೇಲಾಗಿ ಕಣಿವೆಗೆ ಬೀಳುವ ಭಯವಿಲ್ಲ. ಆದರೂ ತಿಂಗಳ ಸಂಬಳದಲ್ಲಿ ಊರಿಗೆ ಕಳಿಸುವ ಮೊದಲು ಟಿಕೆಟಿಗೆ ತೆಗೆದಿಡುವವರನ್ನು ಕಂಡರೆ ನಮಗೆ ಸಾನ್ ಸಾಬಾದ ಅಗೆತಗಾರರ ನೆನಪಾಗುತ್ತದೆ.

ನಮಗೆ ಹೆಚ್ಚು ಚಿಂತೆಯಿರುವುದು ಊರಿನ ನಿಧಿಯದ್ದು. ದಾವಣಗೆರೆ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಕಡೆಯಿಂದ ವರ್ಷ ವರ್ಷ ಪತ್ರಿಕೆಗಳಲ್ಲಿ ಬರುವ ಸುದ್ದಿ ಎಲ್ಲರೂ ಓದಿರುತ್ತೀರಿ. ಮನೆಯ ಪಾಯ ಅಗೆಯುವಾಗ ಹಳೇ ಕಾಲದ ಚಿನ್ನದ ನಾಣ್ಯ ಸಿಕ್ಕಿದೆ, ನಮಗೆ ಮಾರಲು ಭಯ, ನಿಮಗೆ ಕಡಿಮೆಗೆ ಕೊಡುತ್ತೇವೆ ಎಂದು ಫೋನ್ ಬರುತ್ತದೆ. ಮೊದಲು ಒಂದೆರಡು ನಾಣ್ಯ ಕೊಡುತ್ತಾರೆ. ಅಕ್ಕಸಾಲಿಗನಿಗೆ ತೋರಿಸಿದರೆ ಅಸಲಿ. ಆಮೇಲೆ ಲಕ್ಷಗಟ್ಟಲೆ ಹಣ ತೆಗೆದುಕೊಂಡು ಹೋದರೆ ಕೈಗೆ ಬರುವ ಚೀಲದ ತುಂಬ ನಕಲಿ. ಮಿರಾಂಡಾನ ಮೂರು ಪೌಂಡ್ ಅದಿರಿಗೂ ಈ ಒಂದೆರಡು ಅಸಲಿ ನಾಣ್ಯಕ್ಕೂ ಕೆಲಸ ಒಂದೇ. ಮೆಕ್ಸಿಕೊದ ತಜ್ಞನ ಹಾಗೆ 30 ಹೊರೆ ತಾ, ನೋಡೋಣ ಎನ್ನುವವರು ನಮ್ಮಲ್ಲಿ ಕಡಿಮೆ. ಹತ್ತು ಹದಿನೈದು ವರ್ಷ ಹೊರಗೆ ದುಡಿದು ಕೈಯಲ್ಲಿ ನಗದು ಹಿಡಿದು ಊರಿಗೆ ಮರಳಿದವನು, ಊರಿನ ವ್ಯವಹಾರ ಬಳಕೆ ತಪ್ಪಿದವನು, ಇಂಥವರಿಗೆ ಸುಲಭದ ಗುರಿ.

ಅಸಲಿ ನಿಧಿಯೇ ಸಿಕ್ಕರೂ ಅದು ತಾನಾಗಿಯೇ ಸಿಕ್ಕವನದ್ದಾಗುವುದಿಲ್ಲ. ಟೆಕ್ಸಾಸ್ ಇದನ್ನು ಕಲಿತದ್ದು 1967ರಲ್ಲಿ. 1554ರಲ್ಲಿ ಪಾಡ್ರೆ ದ್ವೀಪದ ಬಳಿ ಮುಳುಗಿದ ಸ್ಪೇನಿನ ಹಡಗುಗಳಿಂದ ಇಂಡಿಯಾನಾ ರಾಜ್ಯದ ಕಂಪೆನಿಯೊಂದು ಬೆಳ್ಳಿ ಎತ್ತತೊಡಗಿದಾಗ ರಾಜ್ಯ ನ್ಯಾಯಾಲಯಕ್ಕೆ ಹೋಯಿತು, 1969ರಲ್ಲಿ ಪುರಾತನ ವಸ್ತುಗಳ ಕಾನೂನೇ ಬಂತು. ಮುಂದೆ 1995ರಲ್ಲಿ ರಾಜ್ಯದ ಇತಿಹಾಸ ಆಯೋಗದವರಿಗೆ ಮಟಗೋರ್ಡಾ ಕೊಲ್ಲಿಯಲ್ಲಿ 1686ರಲ್ಲಿ ಮುಳುಗಿದ್ದ ಫ್ರೆಂಚರ 'ಲಾ ಬೆಲ್' ಹಡಗು ಸಿಕ್ಕಿತು. ಸುತ್ತ ತಡೆಗೋಡೆ ಕಟ್ಟಿ ನೀರು ಬಸಿದು ಅಗೆದರು. ಗಾಜಿನ ಮಣಿ, ಹಿತ್ತಾಳೆ ಉಂಗುರ, ಕೊಡಲಿ, ತೋಪುಗಳು. ಎಲ್ಲ ಸೇರಿ ಸುಮಾರು ಹತ್ತು ಲಕ್ಷ ವಸ್ತು. ಹಡಗಿನ ಮರದ ಒಡಲು ಆಸ್ಟಿನ್ನಿನ ಬುಲಕ್ ವಸ್ತುಸಂಗ್ರಹಾಲಯದಲ್ಲಿದೆ, ಟೆಕ್ಸಾಸಿಗೆ ಹೋದವರು ನೋಡಬಹುದು.

ನಮ್ಮ ದೇಶದಲ್ಲಿ ಕಾನೂನು ಅದಕ್ಕಿಂತ ಹಳೆಯದು, 1878ರ ನಿಧಿ ಕಾಯಿದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, ಬಚ್ಚಿಟ್ಟರೆ ಜೈಲು. ಆ ಹತ್ತು ರೂಪಾಯಿ ಆಗ ಸಣ್ಣ ಮೊತ್ತವಾಗಿರಲಿಲ್ಲ. ಹಾಗಿರುವಾಗ ಪಾಯದಲ್ಲಿ ಸಿಕ್ಕ ನಾಣ್ಯವನ್ನು ಗುಟ್ಟಾಗಿ ಕೊಳ್ಳಲು ಹೋದವನು ಮೋಸಹೋದ ಮೇಲೆ ಠಾಣೆಗೆ ಹೋಗಲೂ ಹಿಂಜರಿಯುತ್ತಾನೆ. ವಂಚಕರ ಬಂಡವಾಳವೇ ಅದು.

ಅಂಜನ ಹಾಕಿ ನೋಡುವವರು, ಅಮಾವಾಸ್ಯೆಯ ರಾತ್ರಿ ಗುದ್ದಲಿ ಹಿಡಿಯುವವರು ನಮ್ಮ ಕಡೆ ಕಡಿಮೆಯಾಗಿಲ್ಲ. 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ, ತುಂಗಭದ್ರೆಯ ನಡುಗಡ್ಡೆಯಲ್ಲಿ, ವ್ಯಾಸರಾಯರ ಬೃಂದಾವನವನ್ನು ರಾತ್ರೋರಾತ್ರಿ ಒಡೆದು ಅಗೆದರು. ವಿಜಯನಗರದ ಅರಸರ ಗುರುಗಳ ಸಮಾಧಿ, ಅಡಿಯಲ್ಲಿ ಹೊನ್ನು ಇರಲೇಬೇಕು ಎಂಬ ಲೆಕ್ಕ. ಕೆಲವೇ ದಿನಗಳಲ್ಲಿ ಪೊಲೀಸರು ಆಂಧ್ರದ ಕಡೆಯ ತಂಡವೊಂದನ್ನು ಹಿಡಿದರು. ಅಷ್ಟರೊಳಗೆ ಬೇರೆ ಬೇರೆ ಊರುಗಳಿಂದ ಭಕ್ತರು ದೋಣಿಯಲ್ಲಿ ಹೊಳೆ ದಾಟಿ ಬಂದು, ಚದುರಿದ ಕಲ್ಲುಗಳನ್ನು ಆರಿಸಿ, ಬೃಂದಾವನವನ್ನು ಮೊದಲಿದ್ದ ಜಾಗದಲ್ಲೇ ಮತ್ತೆ ಕಟ್ಟಿ ನಿಲ್ಲಿಸಿದ್ದರು.